ಎದೆಹಾಲು ಮರಳಿದ ಐದು ದಿನ

ಮಗುವನ್ನು ತಂದದ್ದು ಬೆಳಿಗ್ಗೆ ಹತ್ತೂವರೆಗೆ. ಅಂದು ಲಸಿಕೆಯ ದಿನ. ಹೊರರೋಗಿ ವಿಭಾಗದ ಬೆಂಚುಗಳೆಲ್ಲ ತುಂಬಿ, ಚುಚ್ಚಿಸಿಕೊಂಡ ಮಕ್ಕಳ ಅಳು ಒಂದಕ್ಕೊಂದು ಕೂಡಿಕೊಂಡು ಮಾತೇ ಕೇಳಿಸುತ್ತಿರಲಿಲ್ಲ. ಆ ಗದ್ದಲದಲ್ಲಿ ಕಾವೂರಿನಿಂದ ಬಂದ ಒಬ್ಬ ಅಜ್ಜಿ, ಎಂಟು ದಿನದ ಮೊಮ್ಮಗಳನ್ನು ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ನಿಂತಿದ್ದರು. ಹಿಂದೆ ಗೋಡೆಗೊರಗಿ ಬಾಣಂತಿ ಮಗಳು.

"ಸಿಸ್ಟರ್, ಮೈ ಸ್ವಲ್ಪ ಬಿಸಿ ಉಂಟು. ಬೇರೆ ಎಂತದ್ದೂ ಇಲ್ಲ. ಪಾಪ, ಹಠವೇ ಇಲ್ಲದ ಮಗು. ಒಮ್ಮೆ ಎದೆಗೆ ಹಾಕಿದ್ರೆ ನಾಲ್ಕು ಗಂಟೆ ಮಲಗ್ತದೆ" ಎಂದರು ಅಜ್ಜಿ.

ನಾನು ನವಜಾತ ಶಿಶು ಘಟಕದ ಉಸ್ತುವಾರಿ ನರ್ಸ್. ಜನ ಹೆಚ್ಚಿದ್ದರಿಂದ ಆ ದಿನ ತೂಕ ನೋಡಲು ಹೊರಗೆ ಬಂದಿದ್ದೆ. ಎಂಟು ದಿನದ ಮಗು ನಾಲ್ಕು ಗಂಟೆ ಮಲಗುತ್ತದೆ ಎಂದು ಯಾರಾದರೂ ಖುಷಿಯಿಂದ ಹೇಳಿದರೆ ನಮ್ಮಂಥವರಿಗೆ ಅದು ಹಸಿದು ಸೋತ ನಿದ್ದೆಯೇ ಎಂಬ ಅನುಮಾನ ಬರುತ್ತದೆ. ಪಂಚೆ ಬಿಡಿಸಿದೆ. ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟರೆ ಮಡಿಕೆ ಹಾಗೆಯೇ ನಿಂತಿತು. ನೆತ್ತಿ ಒಳಗೆ ಕುಸಿದಿತ್ತು. ಮೈ ಹಳದಿ. ಬಾಯಿಗೆ ಬೆರಳಿಟ್ಟರೆ ನಾಲಗೆ ಒಣ ಕಾಗದದಂತೆ ಅಂಟಿತು, ಚೀಪಲಿಲ್ಲ. ಅಂಗಾಲಿಗೆ ಬೆರಳಿನಿಂದ ಹೊಡೆದೆ. ಮುಖ ಕಿವಿಚಿತು, ಅಳು ಬರಲಿಲ್ಲ.

ತೂಕದ ಯಂತ್ರ ಎರಡು ಸಾವಿರದ ಇನ್ನೂರ ಎಪ್ಪತ್ತು ಗ್ರಾಂ ತೋರಿಸಿತು.

"ಹುಟ್ಟುವಾಗ ಎಷ್ಟಿತ್ತು?"

"ಮೂರು ಕೆಜಿಗೆ ಇಪ್ಪತ್ತು ಗ್ರಾಂ ಕಡಿಮೆ" ಎಂದಳು ಬಾಣಂತಿ. ಮೊದಲ ಸಲ ಅವಳ ದನಿ ಕೇಳಿದ್ದು.

ಹುಟ್ಟಿದ ಮಗು ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ. ಹತ್ತರಲ್ಲಿ ಒಂದು ಪಾಲಿನವರೆಗೆ ಇಳಿದು ಮತ್ತೆ ಏರಲು ಶುರುವಾಗುತ್ತದೆ. ಇಲ್ಲಿ ಹೆಚ್ಚುಕಡಿಮೆ ಕಾಲು ಭಾಗವೇ ಹೋಗಿತ್ತು. ನಾನು ಮಗುವನ್ನು ಎತ್ತಿಕೊಂಡು ಅಜ್ಜಿಗೆ "ನನ್ನ ಹಿಂದೆಯೇ ಬನ್ನಿ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದೆ. ಲಿಫ್ಟಿಗೆ ಕಾಯುವ ವ್ಯವಧಾನ ಇರಲಿಲ್ಲ.

ಘಟಕದಲ್ಲಿ ರಕ್ತನಾಳ ಸಿಗಲಿಲ್ಲ. ನೀರಿಲ್ಲದ ಮೈಯಲ್ಲಿ ನಾಳಗಳು ಚಪ್ಪಟೆಯಾಗಿ ಒಳಗೆ ಸೇರಿಬಿಡುತ್ತವೆ. ಕೈಗೆ ಎರಡು ಸಲ, ಪಾದಕ್ಕೆ ಒಂದು ಸಲ ಚುಚ್ಚಿ ಸೋತ ಮೇಲೆ, ದೀಪ ಆರಿಸಿ, ಅಂಗೈ ಕೆಳಗೆ ಸಣ್ಣ ಟಾರ್ಚ್ ಹಿಡಿದು, ಕೆಂಪು ಬೆಳಕಿನಲ್ಲಿ ಕಂಡ ಒಂದು ಗೆರೆಯ ಮೇಲೆ ಸೂಜಿ ಇಟ್ಟೆ. ರಕ್ತ ಹನಿಯಿತು. ನಾಲ್ಕು ಸೀಸೆ ತುಂಬಿಸಿ ಲ್ಯಾಬಿಗೆ ಓಡಿಸಿದೆವು. ಸೋಂಕು ಇರಬಹುದೆಂದು ಆಂಟಿಬಯಾಟಿಕ್ ಶುರುವಾಯಿತು. ಕಾಮಾಲೆಗೆ ನೀಲಿ ದೀಪ.

ವರದಿ ಮಧ್ಯಾಹ್ನಕ್ಕೆ ಬಂತು. ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ನೂರ ಎಪ್ಪತ್ತೊಂದು. ನೂರ ನಲವತ್ತೈದು ದಾಟಬಾರದು. ಕಿಡ್ನಿಯೂ ಬಳಲಿತ್ತು.

ನಮ್ಮ ಮಕ್ಕಳ ವೈದ್ಯರು ಮಿತಭಾಷಿ. ವರದಿ ನೋಡಿ, ಕ್ಯಾಲ್ಕುಲೇಟರ್ ತೆಗೆದು, ಎರಡು ಸಲ ಲೆಕ್ಕ ಹಾಕಿದರು. "ನೀರು ಕೊಡ್ಲೇಬೇಕು. ಆದ್ರೆ ಅವಸರ ಮಾಡಿದ್ರೆ ಮೆದುಳು ಊದಿಕೊಳ್ತದೆ. ದಿನಕ್ಕೆ ಹತ್ತರಷ್ಟು ಮಾತ್ರ ಇಳೀಬೇಕು. ಮೂರು ದಿನ ಹಿಡೀಲಿ. ಆರಾರು ಗಂಟೆಗೆ ಸೋಡಿಯಂ ನೋಡುವಾ" ಎಂದರು.

ಬಾಯಾರಿದ ಮಗುವಿಗೆ ನೀರನ್ನು ಎಣಿಸಿ ಎಣಿಸಿ ಕೊಡುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಪಂಪಿಗೆ ಗಂಟೆಯ ಲೆಕ್ಕ ಹಾಕಿ, ಪ್ರತಿ ಡಯಾಪರ್ ತೂಗಿ ಮೂತ್ರ ಬರೆಯಲು ಕೂತೆ. ನಾಲ್ಕು ಗಂಟೆ ಕಾದ ಮೇಲೆ ಮೊದಲ ಮೂತ್ರ ಬಂತು. ಆರು ಗ್ರಾಂ. ಇಟ್ಟಿಗೆ ಪುಡಿಯಂಥ ಕೆಂಪು ಕಲೆ.

"ಇದೇ ಬಣ್ಣ ಮೂರು ದಿನದಿಂದ ಉಂಟು ಸಿಸ್ಟರ್. ಹೆಣ್ಣು ಮಕ್ಕಳಿಗೆ ಹಾಗೆ ಸ್ವಲ್ಪ ಹೋಗ್ತದೆ ಅಂತ ಪಕ್ಕದ ಮನೆಯವರು ಹೇಳಿದ್ರು" ಎಂದರು ಅಜ್ಜಿ.

ದಾಖಲಾತಿ ಫಾರಂ ತುಂಬಲು ಹಳೆಯ ಕಾಗದ ಕೇಳಿದೆ. ಪ್ಲಾಸ್ಟಿಕ್ ಕವರಿನಿಂದ ಡಿಸ್ಚಾರ್ಜ್ ಕಾರ್ಡ್ ಹೊರಬಂತು. ನಮ್ಮದೇ ಆಸ್ಪತ್ರೆ, ಮೂರನೇ ದಿನದ ಬಿಡುಗಡೆ. ಹಾಲು ಕುಡಿಯುವ ಸಾಲಿನ ಮುಂದೆ 'ಚೆನ್ನಾಗಿದೆ' ಎಂದು ಬರೆದಿತ್ತು. ಕೆಳಗೆ ನನ್ನ ಸಹಿ.

ನೆನಪಾಯಿತು. ಆ ಮಧ್ಯಾಹ್ನ ನಾಲ್ಕು ಬಿಡುಗಡೆಗಳಿದ್ದವು, ಒಳಗೆ ಅವಳಿ ಮಕ್ಕಳು ಉಸಿರಿಗೆ ಒದ್ದಾಡುತ್ತಿದ್ದವು. ಬಾಗಿಲಲ್ಲೇ ನಿಂತು "ಮಗು ಹಾಲು ಕುಡೀತಾ ಉಂಟಲ್ಲ?" ಎಂದು ಕೇಳಿದ್ದೆ. ಇವಳು ತಲೆ ಆಡಿಸಿದ್ದಳು. ಹತ್ತಿರ ಕೂತು, ಮಗು ಎದೆಗೆ ಹೇಗೆ ಬಾಯಿ ಹಾಕುತ್ತದೆ, ಗುಟುಕು ಇಳಿಯುತ್ತದೋ ಇಲ್ಲವೋ ನೋಡಿರಲಿಲ್ಲ. ಹಾಗೆ ಕೇಳುವ ಪ್ರಶ್ನೆಗೆ ಮೊದಲ ಬಾರಿ ತಾಯಿಯಾದವಳು ಮತ್ತೆಂಥ ಉತ್ತರ ಕೊಟ್ಟಾಳು? ಕಾರ್ಡನ್ನು ಫೈಲಿಗೆ ಸೇರಿಸಿದೆ.

ಮರುದಿನ ಬೆಳಿಗ್ಗೆ ನಾನು ಬಂದು ಚಾರ್ಜ್ ತೆಗೆದುಕೊಳ್ಳುವಾಗ, ಆರು ಗಂಟೆಗೆ ಕಳಿಸಿದ ರಕ್ತದ ವರದಿ ಆಗಷ್ಟೇ ಬಂದಿತ್ತು. ನೂರ ಐವತ್ತೊಂಬತ್ತು. ಒಂದು ದಿನವೂ ತುಂಬಿರಲಿಲ್ಲ, ಹನ್ನೆರಡು ಇಳಿದಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೂತ್ರ ಚೆನ್ನಾಗಿ ಬಿಟ್ಟುಕೊಂಡಿತು, ಮೈ ನಮ್ಮ ಲೆಕ್ಕಕ್ಕಿಂತ ಬೇಗ ನೀರು ಹೀರಿತು, ಅಷ್ಟೆ. ಪಂಪಿನ ವೇಗ ಇಳಿಸಲು ಕೈ ಚಾಚುತ್ತಿದ್ದೆ, ಆಗ ಮಗುವಿನ ಎಡಗೈ ಲಯಬದ್ಧವಾಗಿ ಸೆಳೆದುಕೊಳ್ಳುವುದು ಕಂಡಿತು. ಕೈ ಹಿಡಿದೆ. ನನ್ನ ಹಿಡಿತದೊಳಗೂ ಅದು ನಿಲ್ಲಲಿಲ್ಲ. ನಡುಕವಾದರೆ ಹಿಡಿದಾಗ ನಿಲ್ಲುತ್ತದೆ, ಅಪಸ್ಮಾರ ನಿಲ್ಲುವುದಿಲ್ಲ. ತುಟಿಗಳು ಚಪ್ಪರಿಸತೊಡಗಿದವು. ಮುಖ ನೀಲಿಗೆ ತಿರುಗಿತು.

ಬೆಲ್ ಒತ್ತಿದೆ, ಆಮ್ಲಜನಕ ಹಿಡಿದೆ, ಡ್ರಿಪ್ ನಿಲ್ಲಿಸಿದೆ. ವೈದ್ಯರು ಓಡಿ ಬಂದರು. ಇಳಿಸಲು ಹೆಣಗುತ್ತಿದ್ದ ಉಪ್ಪನ್ನೇ ಈಗ ಮೆದುಳಿನ ಊತ ತಗ್ಗಿಸಲು ಸ್ವಲ್ಪ ಕೊಡಬೇಕಾಗಿತ್ತು. ಗಾಢ ಲವಣದ ದ್ರಾವಣವನ್ನು ಗಡಿಯಾರ ನೋಡುತ್ತ ನಿಧಾನವಾಗಿ ತಳ್ಳಿದೆ. ಜೊತೆಗೆ ಅಪಸ್ಮಾರದ ಮದ್ದು. ಏಳು ನಿಮಿಷಕ್ಕೆ ಕೈ ನಿಂತಿತು. ಆ ಏಳು ನಿಮಿಷ ಗಾಜಿನಾಚೆ ಬಾಣಂತಿ ನಿಂತು ನೋಡುತ್ತಿದ್ದಳೆಂಬುದು ನನಗೆ ಆಮೇಲೆ ಗೊತ್ತಾಯಿತು.

ಅನಂತರದ ಎರಡು ದಿನ ಪಂಪು ಅರ್ಧ ವೇಗದಲ್ಲಿ ಓಡಿತು. ನೂರ ಅರವತ್ತು, ನೂರ ಐವತ್ತಾರು, ನೂರ ಐವತ್ತೆರಡು. ಮತ್ತೆ ಅಪಸ್ಮಾರ ಬರಲಿಲ್ಲ. ನಾಲ್ಕನೇ ದಿನ ನೂರ ನಲವತ್ತೇಳಕ್ಕೆ ಬಂದು ನಿಂತಿತು. ತಲೆಯ ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಸೋಂಕೂ ಇರಲಿಲ್ಲ. ನೀಲಿ ದೀಪ ತೆಗೆದೆವು. ಮೂತಿಯಿರುವ ಪುಟ್ಟ ಬಟ್ಟಲಿನಿಂದ ಪುಡಿಹಾಲು ಕೊಟ್ಟರೆ ಮಗು ಗಟಗಟ ಕುಡಿಯಿತು. ತೂಕ ಎರಡು ಸಾವಿರದ ಐನೂರ ತೊಂಬತ್ತು.

ಇಷ್ಟಾದರೆ ಕೆಲಸ ಮುಗಿದಂತೆ ಎಂದು ಎಲ್ಲರಿಗೂ ಅನಿಸಿತು. ನನಗೆ ಅನಿಸಲಿಲ್ಲ. ಅಷ್ಟು ದಿನ ನಾವೆಲ್ಲ ಮಗುವನ್ನೇ ನೋಡುತ್ತಿದ್ದೆವು. ತಾಯಿಯ ವಾರ್ಡಿಗೆ ಹೋದಾಗ ಅಲ್ಲಿ ಬೇರೆಯೇ ಒಂದು ವಿಚಾರಣೆ ನಡೆಯುತ್ತಿತ್ತು.

ಉಳ್ಳಾಲದಿಂದ ಬಾಣಂತಿಯ ಅತ್ತೆ ಬಂದಿದ್ದರು. ರಕ್ತದಲ್ಲಿ ಉಪ್ಪು ಜಾಸ್ತಿ ಎಂದು ಯಾರೋ ಹೇಳಿದ್ದನ್ನು ಕೇಳಿಸಿಕೊಂಡು, ಬಾಣಂತಿಗೆ ತಾಯಿಮನೆಯಲ್ಲಿ ಒಣಮೀನಿನ ಚಟ್ನಿ ತಿನ್ನಿಸಿದ್ದೇ ಕಾರಣ ಎಂದು ತೀರ್ಮಾನಿಸಿದ್ದರು. "ನಾನು ಆವಾಗ್ಲೇ ಹೇಳಿದ್ದೆ, ಬಾಣಂತಿಗೆ ಉಪ್ಪಿನ ಮೀನು ಕೊಡ್ಬೇಡಿ ಅಂತ. ಈಗ ನೋಡಿ, ಹಾಲೇ ವಿಷ ಆಯ್ತು." ಅಜ್ಜಿ ಮೂಲೆಯಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮಂಚದ ಮೇಲೆ ಫೋನ್ ನಿಲ್ಲಿಸಿಟ್ಟಿತ್ತು. ವೀಡಿಯೋದಲ್ಲಿ ಗಲ್ಫಿನಿಂದ ಮಗುವಿನ ಅಪ್ಪ, ತಲೆಗೆ ಹೆಲ್ಮೆಟ್, ಹಿಂದೆ ಯಾವುದೋ ಪ್ಲಾಂಟಿನ ಶಬ್ದ.

"ಸಿಸ್ಟರ್, ಪೌಡರ್ ಕೊಟ್ಟು ಮನೆಗೆ ಕಳ್ಸಿ ಮಾರಾಯ್ರೆ. ಇನ್ನು ಎಂತಕ್ಕೆ ರಿಸ್ಕ್? ಸತ್ತೇ ಹೋಗ್ತಿತ್ತಲ್ಲ ಮಗು!"

ಬಾಣಂತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಲು ಹಿಂಡುವ ಪಂಪ್ ನಾವು ಕೊಟ್ಟ ಚೀಲದಲ್ಲೇ ಇತ್ತು, ಬಿಚ್ಚಿರಲೇ ಇಲ್ಲ. ತುಳುವಿನಲ್ಲಿ "ಪೇರ್ ಇಜ್ಜಿ" ಎಂದಳು. ಹಾಲಿಲ್ಲ. ಆಮೇಲೆ ಕನ್ನಡದಲ್ಲಿ ಸೇರಿಸಿದಳು: "ಇದ್ರೂ ಬೇಡ."

ಆ ಗಳಿಗೆ ಸುಲಭದ ದಾರಿ ತೆರೆದೇ ಇತ್ತು. ಪುಡಿಹಾಲು ಕುಡಿದು ಬೆಳೆದ ಮಕ್ಕಳು ಎಷ್ಟೋ ಇದ್ದಾರೆ. ಅದು ಅಪರಾಧವಲ್ಲ. ಆದರೆ ಇವಳು ತನ್ನ ಹಾಲೇ ಮಗುವನ್ನು ಕೊಲ್ಲಹೊರಟಿತ್ತು ಎಂದು ನಂಬಿಕೊಂಡು ಮನೆಗೆ ಹೋಗುವವಳಿದ್ದಳು. ಆ ನಂಬಿಕೆಯಲ್ಲಿ ನನ್ನ ಪಾಲೂ ಇತ್ತು. ಹೊರಗೆ ಹೋಗಿ ಫೈಲ್ ತಂದೆ. ಎಲ್ಲರ ಎದುರಿಗೇ ಡಿಸ್ಚಾರ್ಜ್ ಕಾರ್ಡ್ ತೆಗೆದು ಅವಳ ಮುಂದೆ ಹಿಡಿದೆ.

"ಇಲ್ಲಿ ಹಾಲು ಚೆನ್ನಾಗಿ ಕುಡಿಯುತ್ತದೆ ಅಂತ ಬರೆದದ್ದು ನಾನು. ನೋಡದೆ ಬರೆದೆ. ಅವತ್ತು ಹತ್ತು ನಿಮಿಷ ನಿನ್ನ ಹತ್ತಿರ ಕೂತಿದ್ರೆ ಮಗು ತುದಿ ಮಾತ್ರ ಚೀಪ್ತಾ ಉಂಟು, ಹಾಲು ಬರ್ತಾ ಇಲ್ಲ ಅಂತ ನನಗೆ ಗೊತ್ತಾಗ್ತಿತ್ತು. ತಪ್ಪು ನಿನ್ನದಲ್ಲ. ನಿನ್ನಮ್ಮನದ್ದೂ ಅಲ್ಲ."

ನಾನು ಅತ್ತೆಯ ಕಡೆ ತಿರುಗಿದೆ.

"ಅಮ್ಮ, ಮೀನು ಸಾರನ್ನು ಒಲೆ ಮೇಲೆ ಮರೆತುಬಿಟ್ರೆ ಎಂತ ಆಗ್ತದೆ?"

"ಬತ್ತಿ ಉಪ್ಪಾಗ್ತದೆ."

"ನೀವು ಉಪ್ಪು ಹಾಕಿದ್ರಾ?"

"ಇಲ್ಲ. ನೀರು ಹೋದದ್ದು" ಎಂದರು. ಮತ್ತೆ ತಾವಾಗಿಯೇ, "ಹಾಗಾದ್ರೆ ಮಗುವಿಗೂ ನೀರು ಹೋದದ್ದಾ?"

"ಅಷ್ಟೇ. ಕುಡೀಲಿಕ್ಕೆ ಸಿಗ್ಲಿಲ್ಲ."

ಬಾಣಂತಿ ಈ ಕಡೆ ತಿರುಗಿದಳು. ಕಾರ್ಡನ್ನು ಮತ್ತೊಮ್ಮೆ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಈಗ ಕೂತ್ಕೊಳ್ತೀರಾ?"

ವೈದ್ಯರ ಹತ್ತಿರ ಹೋಗಿ ಎದೆಹಾಲು ಮರಳಿಸಲು ಐದು ದಿನದ ಗಡುವು ಕೇಳಿದೆ. ಸಹಿಯ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ದಿನಾ ತೂಕ ನೋಡ್ಬೇಕು. ಒಂದೇ ಒಂದು ದಿನ ಇಳಿದ್ರೂ ನಿಲ್ಲಿಸ್ತೇನೆ" ಎಂದರು. ಸಾಕಾಗಿತ್ತು.

ಮೊದಲ ಅಡ್ಡಿ, ಅವಳ ಮೊಲೆತೊಟ್ಟು ಚಪ್ಪಟೆ, ಮಗುವಿಗೆ ಹಿಡಿತ ಸಿಗುತ್ತಿರಲಿಲ್ಲ. ದೊಡ್ಡ ಸಿರಿಂಜಿನ ಮೂತಿಯ ಭಾಗ ಕತ್ತರಿಸಿ, ಪಿಸ್ಟನ್ನನ್ನು ಆ ಕಡೆಯಿಂದ ತೂರಿಸಿ, ನಯವಾದ ತುದಿಯನ್ನು ಎದೆಗೆ ಒತ್ತಿ ಮೆಲ್ಲಗೆ ಎಳೆದರೆ ತೊಟ್ಟು ಹೊರಗೆ ಬರುತ್ತದೆ. ಪ್ರತಿ ಸಲ ಹಾಲೂಡುವ ಮೊದಲು ಇದು. ಎರಡನೆಯದು, ಬರಿ ಎದೆಗೆ ಹಾಕಿದರೆ ಮಗು ಎರಡು ಸಲ ಚೀಪಿ, ಏನೂ ಸಿಗದೆ ಸಿಟ್ಟಿನಿಂದ ಬಿಟ್ಟುಬಿಡುತ್ತಿತ್ತು. ಚೀಪದಿದ್ದರೆ ಹಾಲು ಹುಟ್ಟುವುದಿಲ್ಲ, ಹಾಲಿಲ್ಲದಿದ್ದರೆ ಚೀಪುವುದಿಲ್ಲ. ಇದಕ್ಕೆ ನಮ್ಮಲ್ಲಿರುವ ಅತಿ ಸಪೂರದ ಕೊಳವೆ ತೆಗೆದುಕೊಂಡೆ. ಒಂದು ತುದಿ ಪುಡಿಹಾಲಿನ ಬಟ್ಟಲಲ್ಲಿ, ಇನ್ನೊಂದನ್ನು ಎದೆಯ ಮೇಲೆ ತೊಟ್ಟಿನ ತುದಿಗೆ ಬರುವಂತೆ ಟೇಪಿನಿಂದ ಅಂಟಿಸಿದೆ. ಮಗು ಎದೆ ಚೀಪಿದರೆ ಕೊಳವೆಯಿಂದ ಹಾಲು ಬರುತ್ತದೆ. ಅದಕ್ಕೆ ಹೊಟ್ಟೆ ತುಂಬುತ್ತದೆ, ಎದೆಗೆ ಕೆಲಸ ಸಿಗುತ್ತದೆ. ಬಟ್ಟಲು ಮೇಲೆತ್ತಿದರೆ ಹಾಲು ಜೋರು, ಕೆಳಗಿಳಿಸಿದರೆ ನಿಧಾನ.

ಬಟ್ಟಲು ಹಿಡಿಯುವ ಕೆಲಸವನ್ನು ಅತ್ತೆ ಕೇಳಿ ತೆಗೆದುಕೊಂಡರು. ಅಜ್ಜಿ ಬೆನ್ನು ನೀವುತ್ತಿದ್ದರು. ಹಾಲೂಡಿದ ಮೇಲೆ ಹದಿನೈದು ನಿಮಿಷ ಪಂಪ್. ದಿನಕ್ಕೆ ಎಂಟು ಸಲ. ಸಿಕ್ಕಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದೆವು. ಮೊದಲ ದಿನ ನಾಲ್ಕು ಮಿಲಿ, ಮೂರು ಮಿಲಿ, ಆರು ಮಿಲಿ. ಎರಡನೇ ದಿನ ಎಂಟು, ಹತ್ತು. ಫೋನಿನಲ್ಲಿ ಅಪ್ಪನೂ ಊಟದ ಬಿಡುವಿಗೊಮ್ಮೆ "ಎಷ್ಟಾಯ್ತು?" ಎಂದು ಕೇಳತೊಡಗಿದ.

ಮೂರನೇ ದಿನ ಎಲ್ಲ ಕೆಟ್ಟಿತು. ತೊಟ್ಟು ಬಿರಿದು ರಕ್ತ ಬಂತು. ಪಂಪಿನಲ್ಲಿ ಎರಡು ಮಿಲಿ, ಅದೂ ಕೆಂಪು ಗೆರೆ ಸೇರಿದ್ದು. ಅವಳು ಟೇಪ್ ಕಿತ್ತೆಸೆದಳು. "ಸಾಕು ಸಿಸ್ಟರ್. ನನ್ನಿಂದ ಆಗುದಿಲ್ಲ. ಕಾಲಿನ ಬೆರಳು ಮಡಚಿ ಹೋಗುವಷ್ಟು ನೋವು."

ನನಗೂ ಒಂದು ಗಳಿಗೆ ಸೋಲೊಪ್ಪಿಕೊಳ್ಳೋಣ ಅನಿಸಿತು. ಆದರೆ ಕಾಲಿನ ಬೆರಳು ಮಡಚುವ ನೋವು ಎಂದರೆ ಮಗು ಇನ್ನೂ ತುದಿಯನ್ನೇ ಕಚ್ಚುತ್ತಿದೆ ಎಂದರ್ಥ. ಆ ಎದೆಗೆ ಒಂದು ದಿನ ಬಿಡುವು ಕೊಟ್ಟು, ಕೈಯಿಂದಲೇ ಹಾಲು ಹಿಂಡಿದೆವು. ಇನ್ನೊಂದು ಎದೆಗೆ ಹಿಡಿಯುವ ಕ್ರಮ ಬದಲಿಸಿದೆ. ಮಂಚದ ತಲೆಭಾಗ ಎತ್ತಿ ಅವಳನ್ನು ಒರಗಿಸಿ, ಮಗುವನ್ನು ಅವಳ ಹೊಟ್ಟೆಯ ಮೇಲೆ ಕವುಚಿ ಮಲಗಿಸಿದೆ. ಗದ್ದ ಮೊದಲು ತಾಗಬೇಕು, ಮೂಗು ಕೊನೆಗೆ. ಬಾಯಿ ಆಕಳಿಸುವಷ್ಟು ತೆರೆಯುವವರೆಗೆ ಕಾದೆ. ತೆರೆಯಿತು. ಭುಜ ಹಿಡಿದು ಒಳಕ್ಕೆ ಸೇರಿಸಿದೆ.

"ನೋವಾ?"

ಅವಳು ಉಸಿರು ಹಿಡಿದು ಕಾದಳು. "ಇಲ್ಲ" ಎಂದಳು, ತನಗೇ ನಂಬಿಕೆಯಾಗದವಳಂತೆ. "ಎಳೀತಾ ಉಂಟು. ನೋವಿಲ್ಲ."

ನಾಲ್ಕನೇ ದಿನ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ನಾನು ಪಕ್ಕದ ಮಂಚದಲ್ಲಿ ಔಷಧಿ ಕೊಡುತ್ತಿದ್ದೆ. ಬಾಣಂತಿ ಗಾಬರಿಯಿಂದ ಕೂಗಿದಳು. "ಅತ್ತೆ, ಬಟ್ಟಲು ಚೆಲ್ಲಿತು! ಮೈಯೆಲ್ಲ ಒದ್ದೆ."

"ನಾನು ಎಲ್ಲಿ ಚೆಲ್ಲಿದ್ದು? ತುಂಬ ಉಂಟಲ್ಲ" ಎಂದರು ಅತ್ತೆ, ಬಟ್ಟಲನ್ನು ಎತ್ತಿ ತೋರಿಸಿ.

ಬಟ್ಟಲು ನಿಜಕ್ಕೂ ತುಂಬಿಯೇ ಇತ್ತು. ಮಗು ಬಲ ಎದೆಯಲ್ಲಿ ಚೀಪುತ್ತಿತ್ತು. ಒದ್ದೆಯಾದದ್ದು ನೈಟಿಯ ಎಡಭಾಗ. ಮುಟ್ಟಿದೆ, ಬೆಚ್ಚಗಿತ್ತು. ಸರಿಸಿ ನೋಡಿದರೆ ಹಾಲು ಹನಿಹನಿಯಾಗಿ ತಾನಾಗಿಯೇ ಇಳಿಯುತ್ತಿತ್ತು. ಯಾರೂ ಹಿಂಡಿರಲಿಲ್ಲ, ಯಾವ ಪಂಪೂ ಇರಲಿಲ್ಲ.

"ಇದು ನಿನ್ನದೇ" ಎಂದೆ.

ಅವಳು ಬೆರಳಿನಿಂದ ಒಂದು ಹನಿ ತೆಗೆದು ನೋಡಿದಳು. ಆಮೇಲೆ ಬಾಯಿಗಿಟ್ಟುಕೊಂಡಳು. "ಸಿಹಿ ಉಂಟು" ಎಂದಳು. ಅತ್ತೆ ಬಟ್ಟಲನ್ನು ಕೆಳಗಿಟ್ಟು, ಅಜ್ಜಿಯ ಕೈ ಹಿಡಿದುಕೊಂಡರು. ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಕೈ ಮಾತ್ರ ತುಂಬ ಹೊತ್ತು ಬಿಡಲಿಲ್ಲ.

ಐದನೇ ದಿನ ಪರೀಕ್ಷೆ. ಕೊಳವೆ ಇಲ್ಲ, ಬಟ್ಟಲಿಲ್ಲ. ಎರಡು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಯಂತ್ರವನ್ನು ಘಟಕದಿಂದ ವಾರ್ಡಿಗೆ ತಂದೆ. ಬಟ್ಟೆ, ಡಯಾಪರ್ ಸಮೇತ ಮಗುವನ್ನು ತೂಗಿದೆ. ಎರಡು ಸಾವಿರದ ಏಳುನೂರ ಹದಿನೆಂಟು. ಎದೆಗೆ ಕೊಟ್ಟೆ. ಇಪ್ಪತ್ತೆರಡು ನಿಮಿಷ. ಗುಟುಕು ಇಳಿಯುವ ಶಬ್ದ ಬಾಗಿಲವರೆಗೆ ಕೇಳುತ್ತಿತ್ತು. ಮಗು ತಾನಾಗಿಯೇ ಬಿಟ್ಟು, ಬಾಯಿಯ ಮೂಲೆಯಲ್ಲಿ ಹಾಲು ಇಳಿಸಿಕೊಂಡು, ಮುಷ್ಟಿ ಸಡಿಲಿಸಿ ಮಲಗಿತು. ಡಯಾಪರ್ ಬದಲಿಸದೆ ಹಾಗೆಯೇ ಮತ್ತೆ ತೂಗಬೇಕು. ಯಂತ್ರದ ಅಂಕಿ ಓಲಾಡಿ ನಿಂತಿತು.

ಎರಡು ಸಾವಿರದ ಏಳುನೂರ ಅರವತ್ತನಾಲ್ಕು.

"ನಲವತ್ತಾರು!" ಎಂದು ನಾನು ಕೂಗಿಬಿಟ್ಟೆ. ವಾರ್ಡಿನಲ್ಲಿ ಕೂಗಬಾರದೆಂದು ಎಲ್ಲರಿಗೂ ಹೇಳುವವಳು ನಾನು. ಪಕ್ಕದ ಮಂಚದವರು ಚಪ್ಪಾಳೆ ತಟ್ಟಿದರು. ಫೋನಿನಲ್ಲಿ ಅಪ್ಪ ಯಾರಿಗೋ ಹಿಂದಿಯಲ್ಲಿ "ಛಿಯಾಲೀಸ್ ಗ್ರಾಂ!" ಎಂದು ಹೇಳುವುದು ಕೇಳಿಸಿತು. ವೈದ್ಯರು ಬಂದು ಅಂಕಿ ನೋಡಿ, ನಕ್ಕು, "ನಾಳೆ ಮನೆಗೆ" ಎಂದರು. ಬಾಣಂತಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅವಳು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ತಿಂಗಳೇ ನಮ್ಮ ಘಟಕದಲ್ಲಿ ಎರಡು ನಿಯಮ ಬಂದವು. ಒಂದು ಪೂರ್ತಿ ಹಾಲೂಡುವಿಕೆಯನ್ನು ನರ್ಸ್ ಪಕ್ಕದಲ್ಲಿ ಕೂತು ನೋಡದೆ ಬಿಡುಗಡೆಯ ಕಾಗದ ಆಗುವುದಿಲ್ಲ. ಮನೆಗೆ ಹೋದ ಪ್ರತಿ ಮಗುವೂ ಹುಟ್ಟಿದ ಐದನೇ ದಿನ ತೂಕಕ್ಕೆ ಬರಬೇಕು. ವೈದ್ಯರ ಮೇಜಿಗೆ ಬರೆದು ಕೊಟ್ಟವಳು ನಾನು, ಕಾರಣದ ಜಾಗದಲ್ಲಿ ನನ್ನ ತಪ್ಪನ್ನು ಇದ್ದಂತೆಯೇ ಬರೆದೆ. ಕೆಲವರು ಯಾಕೆ ಬೇಕಿತ್ತು ಎಂದರು. ಆದರೆ ಆಮೇಲಿನ ತಿಂಗಳುಗಳಲ್ಲಿ ಐದನೇ ದಿನದ ತೂಕಕ್ಕೆ ಬಂದ ಮಕ್ಕಳಲ್ಲಿ ಮೈಯ ನೀರು ಬತ್ತತೊಡಗಿದ್ದ ಮೂವರನ್ನು ಬೇಗ ಗುರುತಿಸಿದೆವು. ಯಾರಿಗೂ ಸೂಜಿ ಚುಚ್ಚಬೇಕಾಗಲಿಲ್ಲ.

ಆ ಮಗುವಿನ ಮೆದುಳಿಗೆ ಪೆಟ್ಟಾಗಿದೆಯೋ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು. ಅಪಸ್ಮಾರ ಬಂದ ಮಗುವಿನ ವಿಷಯದಲ್ಲಿ ಯಾರೂ ಬೇಗ ಮಾತು ಕೊಡುವುದಿಲ್ಲ. ಕಿವಿಯ ಪರೀಕ್ಷೆ ಸರಿ ಬಂತು. ಮೂರು ತಿಂಗಳಿಗೆ ಕುತ್ತಿಗೆ ನಿಂತಿತು. ಮದ್ದು ನಿಲ್ಲಿಸಿದರು. ಏಳಕ್ಕೆ ಕೂತಳು. ಕೊನೆಯ ತಪಾಸಣೆಗೆ ಹನ್ನೊಂದನೇ ತಿಂಗಳಲ್ಲಿ ಬಂದರು, ರಜೆಯ ಮೇಲೆ ಊರಿಗೆ ಬಂದಿದ್ದ ಅಪ್ಪನೂ ಜೊತೆಗಿದ್ದ. ಸಂಕೋಚದಿಂದ "ಅವತ್ತು ಫೋನಲ್ಲಿ ಸ್ವಲ್ಪ ಜೋರು ಮಾತಾಡಿದೆ" ಎಂದ. ನಾನು ಅವನಿಗೆ ಮಗಳನ್ನು ತೋರಿಸಿದೆ. ಅವಳು ಅಷ್ಟರಲ್ಲೇ ವೈದ್ಯರ ಮೇಜಿನ ಅಂಚು ಹಿಡಿದು ನಿಂತಿದ್ದಳು.

ವೈದ್ಯರು ಮೇಜಿನ ಮೇಲೆ ಒಂದೇ ಒಂದು ಮಂಡಕ್ಕಿ ಕಾಳು ಇಟ್ಟರು. ಹೆಬ್ಬೆರಳು, ತೋರುಬೆರಳು ಸೇರಿಸಿ ಅಷ್ಟು ಸಣ್ಣದನ್ನು ಎತ್ತಬಲ್ಲ ಮಗುವಿನ ಕೈ, ಕಣ್ಣು, ಮೆದುಳು ಒಂದರ ಮಾತನ್ನು ಒಂದು ಕೇಳುತ್ತಿವೆ ಎಂದರ್ಥ. ಅವಳು ಕಾಳನ್ನು ದಿಟ್ಟಿಸಿದಳು. ಒಂದು ಸಲ ಜಾರಿತು. ಎರಡನೇ ಸಲ ಎರಡು ಬೆರಳ ತುದಿಯಲ್ಲಿ ಸಿಕ್ಕಿತು, ಚೊಕ್ಕವಾಗಿ. ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದು ತಾಯಿ ಕೈ ಚಾಚಿದಳು. ಮಗು ಅವಳನ್ನು ನೋಡಲೇ ಇಲ್ಲ. ಮೇಜಿನ ಮೇಲೆ ಮೈ ಚಾಚಿ, ಬಾಗಿ ನೋಡುತ್ತಿದ್ದ ವೈದ್ಯರ ತುಟಿಗಳ ನಡುವೆ ಕಾಳನ್ನು ತುರುಕಿದಳು.

ವೈದ್ಯರು ಬಾಯಿ ಮುಚ್ಚಿಕೊಂಡರು. ನಾವೆಲ್ಲ ಕಾದೆವು. ಅವರು ಗಂಭೀರವಾಗಿ ಮಂಡಕ್ಕಿ ಜಗಿದು, ಪೆನ್ನಿನ ಕ್ಯಾಪ್ ತೆಗೆದು, ಫೈಲಿನ ಕೊನೆಯ ಹಾಳೆಯಲ್ಲಿ 'ಸಂಪೂರ್ಣ ಸಹಜ' ಎಂದು ಬರೆದರು.